ಗುಜರಿಗೆ ಬಿದ್ದ ಕುರ್ಚಿ, ಹರಾಜಿನಲ್ಲಿ ಕಲೆ

ಚಂಡೀಗಢದ ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರು ದಶಕಗಳ ಕಾಲ ಕೂತೆದ್ದ ತೇಗದ ಕುರ್ಚಿಗಳು ಇಂದು ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ ಹರಾಜುಗಳಲ್ಲಿ ಲಕ್ಷಾಂತರ ರೂಪಾಯಿಗೆ ಮಾರಾಟವಾಗುತ್ತಿವೆ. ಇವನ್ನೇ ಹಿಂದೆ ಹಳೇ ಸಾಮಾನೆಂದು ರಾಶಿ ಹಾಕಿ, ಗುಜರಿ ಬೆಲೆಗೆ ಸಾಗಹಾಕಲಾಗಿತ್ತು.

1950ರ ದಶಕದಲ್ಲಿ ಪಂಜಾಬಿನ ಹೊಸ ರಾಜಧಾನಿಯಾಗಿ ಚಂಡೀಗಢ ಮೇಲೇಳುವಾಗ ಕಟ್ಟಡಗಳ ಒಳಗಿನ ಮೇಜು, ಬೆಂಚು, ಕಪಾಟುಗಳೂ ಹೊಸದಾಗಿ ಬೇಕಿದ್ದವು. ಅದರ ಮುಖ್ಯ ಹೊಣೆ ಹೊತ್ತವರು ನಗರವನ್ನು ರೂಪಿಸಿದ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಅವರ ಸೋದರಸಂಬಂಧಿ ಪಿಯರ್ ಜೆನರೆ. ತೇಗದ ಮರ, ಸೆಕೆಗಾಲಕ್ಕೆ ಗಾಳಿಯಾಡುವ ಬೆತ್ತದ ಹೆಣಿಗೆ, ಸ್ಥಳೀಯ ಬಡಗಿಗಳ ಕೈಚಳಕ. ಕೈವಾರದಂತೆ ಕವಲೊಡೆದ ಕಾಲುಗಳ ಮೇಲೆ ನಿಂತ ಆ ಕುರ್ಚಿಯಲ್ಲಿ ಹೂಬಳ್ಳಿಯ ಕೆತ್ತನೆ ಹುಡುಕಿದರೂ ಸಿಗದು. ಭಾರ ಹೊರುವ ಮರದ ಓರೆಯೇ ಅದರ ಚೆಲುವು. ಯೂಲಿ ಚೌಧರಿಯಂಥ ಭಾರತೀಯ ವಾಸ್ತುಶಿಲ್ಪಿಗಳೂ ಈ ಕೆಲಸದಲ್ಲಿ ಪಾಲುದಾರರು. ಹರಾಜಿನಲ್ಲಿ ಮೊಳಗುವುದು ಮಾತ್ರ ಜೆನರೆ ಹೆಸರು, ಇದು ಅನ್ಯಾಯ.

2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಈ ಪೀಠೋಪಕರಣಗಳ ಮಾರಾಟ, ರಫ್ತಿಗೆ ತಡೆಯೊಡ್ಡಿತು. ಆದರೂ ವಿದೇಶಿ ಹರಾಜು ನಿಂತಿಲ್ಲ. ಕಾನೂನಿನ ರಕ್ಷಣೆಯೂ ಇವಕ್ಕಿಲ್ಲ: 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು ಎನಿಸಿಕೊಳ್ಳಲು ಕುರ್ಚಿಗೆ 100 ವರ್ಷ ತುಂಬಿರಬೇಕು. ಇವಕ್ಕಿನ್ನೂ ಎಪ್ಪತ್ತರ ಆಸುಪಾಸು.

ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ದಾರಿಯೂ ಇದೆ. ಕಲಾವಿದರು ತೀರಿಕೊಂಡ ಬಳಿಕ, ವಯಸ್ಸು ನೋಡದೆ, ಸೌಂದರ್ಯಮೌಲ್ಯದ ಆಧಾರದಲ್ಲಿ ಕೃತಿಯೊಂದನ್ನು ಕಲಾನಿಧಿ ಎಂದು ಕೇಂದ್ರ ಘೋಷಿಸಬಹುದು. ಜೆನರೆ 1967ರಲ್ಲೇ ತೀರಿಕೊಂಡರು. ಚಿತ್ರಪಟಕ್ಕೆ ಸಲ್ಲುವ ಈ ಗೌರವ ಕುರ್ಚಿಗೂ ಸಲ್ಲಬೇಕು. ದೇಶದಲ್ಲಿ ಉಳಿದಿರುವಷ್ಟನ್ನಾದರೂ ಸರ್ಕಾರ ಈಗಲೇ ಕಲಾನಿಧಿಗಳ ಪಟ್ಟಿಗೆ ಸೇರಿಸಲಿ.