ತಬರನನ್ನು ತೋರಿಸಿದವರು

ನಮ್ಮ ಕಂಪಲಾಪುರದಲ್ಲಿ ಸಂಜೆಯ ಜಗುಲಿಯ ಮಾತೆಂದರೆ ಹೊಗೆಸೊಪ್ಪಿನ ಹರಾಜಿನ ಧಾರಣೆಯೇ. ಕಳೆದ ತಿಂಗಳು ನೆರೆಮನೆಯ ರೈತರೊಬ್ಬರು ಬೇರೊಂದು ಚಿಂತೆಯನ್ನು ಹೊತ್ತು ನಮ್ಮಲ್ಲಿಗೆ ಬಂದರು. “ಮೇಷ್ಟ್ರೇ, ಮಗನನ್ನು ಬಿ. ಫಾರ್ಮಾ ಓದಲು ಹಾಕಿದೆ. ಈಗ ಸಿನಿಮಾ ತೆಗೀತೀನಿ ಅಂತಾನೆ. ಅದೂ ಹಾಡು ಕುಣಿತ ಇಲ್ಲದ್ದಂತೆ. ನೀವಾದರೂ ಬುದ್ಧಿ ಹೇಳಿ” ಎಂದರು.

ಬುದ್ಧಿವಾದಕ್ಕೆ ಬದಲಾಗಿ ನಾವು ಒಬ್ಬರ ಚರಿತ್ರೆಯನ್ನು ಹೇಳಿದೆವು. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ 1950ರಲ್ಲಿ ಜನಿಸಿದ ಗಿರೀಶ ಕಾಸರವಳ್ಳಿಯವರು ಮಣಿಪಾಲದಲ್ಲಿ ಓದಿದುದೂ ಇದೇ ಔಷಧಶಾಸ್ತ್ರವನ್ನು. ಆ ವೃತ್ತಿಯನ್ನು ಬಿಟ್ಟು ಅವರು ಪುಣೆಯ ಚಲಚ್ಚಿತ್ರ ಶಿಕ್ಷಣಾಲಯವನ್ನು ಸೇರಿ 1975ರಲ್ಲಿ ವ್ಯಾಸಂಗವನ್ನು ಮುಗಿಸಿದರು. ಅನಂತಮೂರ್ತಿಯವರ ಕಥೆಯನ್ನಾಧರಿಸಿದ ಅವರ ಮೊದಲನೆಯ ಚಿತ್ರ ‘ಘಟಶ್ರಾದ್ಧ’ವು 1977ರಲ್ಲಿ ಸಿದ್ಧವಾಗಿ ಸ್ವರ್ಣಕಮಲವನ್ನು ಪಡೆಯಿತು. ಅದನ್ನೇ ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ಗಳಿಗೂ ಅದೇ ಗೌರವವು ಸಂದಿತು. ಇಷ್ಟಾದರೂ ನಾಲ್ಕು ದಶಕಗಳಲ್ಲಿ ಅವರು ತೆಗೆದ ಕಥಾಚಿತ್ರಗಳು ಸುಮಾರು ಹದಿನೈದು ಮಾತ್ರ. 1981ರ ‘ಮೂರು ದಾರಿಗಳು’ ಆದಮೇಲೆ ‘ತಬರನ ಕಥೆ’ಯು ಹೊರಬರುವುದಕ್ಕೆ 1986 ಆಯಿತು. ಸ್ವತಂತ್ರನೆಂದರೆ ಸ್ವೇಚ್ಛೆಯಾಗಿ ನಡೆಯುವವನಲ್ಲ. ತಾನು ಮಾಡಿಕೊಂಡ ನಿಯಮಕ್ಕೆ ತಾನೇ ಕಟ್ಟುಬಿದ್ದವನು.

“ಇಂಥ ಸಿನಿಮಾದಿಂದ ಯಾರಿಗೇನು ಉಪಕಾರ ಮೇಷ್ಟ್ರೇ?” ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ.

‘ತಬರನ ಕಥೆ’ಯು ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಹುಟ್ಟಿದ ಚಿತ್ರ. ತಬರಶೆಟ್ಟಿ ನಿವೃತ್ತನಾದ ಬಡ ನೌಕರ. ಪಿಂಚಣಿಗಾಗಿ ಅವನು ಕಚೇರಿಗಳಿಗೆ ಅಲೆಯುತ್ತಿರುವಾಗ, ಮನೆಯಲ್ಲಿ ಹೆಂಡತಿಯ ಕಾಲು ಸಕ್ಕರೆಕಾಯಿಲೆಯಿಂದ ಕೊಳೆಯುತ್ತಿರುತ್ತದೆ. ಹಣವು ಕೈಸೇರುವ ಮೊದಲೇ ಆಕೆ ತೀರಿಕೊಳ್ಳುತ್ತಾಳೆ. ತಬರನಾಗಿ ಅಭಿನಯಿಸಿದ ಚಾರುಹಾಸನರಿಗೆ ಶ್ರೇಷ್ಠ ನಟರೆಂಬ ರಾಷ್ಟ್ರಪ್ರಶಸ್ತಿ ಬಂದಿತು.

ನಮ್ಮ ನಿವೃತ್ತಿಯ ಕಾಗದಗಳೂ ಕಚೇರಿಯೊಂದರಲ್ಲಿ ಏಳು ತಿಂಗಳು ಮಲಗಿದ್ದವು. ಆ ದಿನಗಳಲ್ಲೇ ಈ ಚಿತ್ರವನ್ನು ನಮ್ಮ ಮನೆಯವರೊಡನೆ ಕುಳಿತು ನೋಡಿದೆವು. ನೋಡಿದ ರಾತ್ರಿ ನಿದ್ರೆ ಬಾರದೆ, “ನಿಮ್ಮ ಸಕ್ಕರೆಕಾಯಿಲೆಯ ಮಾತ್ರೆ ಸರಿಯಾಗಿ ನಡೆಯುತ್ತಿದೆಯೆ?” ಎಂದು ಆಕೆಯನ್ನು ಕೇಳಿದೆವು. ಖರ್ಚನ್ನು ಉಳಿಸುವುದಕ್ಕಾಗಿ ದಿನಬಿಟ್ಟು ದಿನ ನುಂಗುತ್ತಿದ್ದುದಾಗಿ ಆಕೆ ಆಗ ಒಪ್ಪಿಕೊಂಡರು. ಒಂದೇ ಸೂರಿನ ಕೆಳಗಿದ್ದೂ ನಮಗೆ ಕಾಣದಿದ್ದುದನ್ನು ಆ ಚಿತ್ರವು ಕಾಣಿಸಿತು. ಉಪಕಾರವೆಂದರೆ ನಮಗೆ ಇದಕ್ಕಿಂತ ಹೆಚ್ಚಿನದು ತಿಳಿಯದು.

ರೈತರು ಬಹಳ ಹೊತ್ತು ಸುಮ್ಮನಿದ್ದರು. ಹುಡುಗನನ್ನು ಕರೆದು ನಾವು ಹೇಳಿದುದಿಷ್ಟೆ: “ಹಣ ಬೇಕಾದರೆ ಈ ದಾರಿ ಬೇಡ. ಒಂದು ಚಿತ್ರಕ್ಕಾಗಿ ಐದು ವರ್ಷ ಕಾಯಬಲ್ಲೆಯಾದರೆ ಹೊರಡು. ಆದರೆ ಹಿಡಿದ ಓದನ್ನು ಮೊದಲು ಮುಗಿಸು.” ಅವನು ತಲೆಯಾಡಿಸಿದನು.

ಎದ್ದು ಹೊರಟ ತಂದೆಯವರು ಬಾಗಿಲಲ್ಲಿ ನಿಂತು, “ಮೇಷ್ಟ್ರೇ, ಆ ತಬರನ ಸಿನಿಮಾ ಒಂದು ಸಲ ನನಗೂ ತೋರಿಸಿ. ಇವನ ತಾಯಿಯನ್ನೂ ಕರೆತರುತ್ತೇನೆ” ಎಂದರು. ಬರುವ ಭಾನುವಾರ ನಮ್ಮ ಪಡಸಾಲೆಯಲ್ಲಿ ಚಾಪೆಯನ್ನು ಹಾಸುವವರಿದ್ದೇವೆ.