ಎಲ್ಲರೂ ನಾಯಕರಾದ ಕಥೆಗಳು

ಬಸವೇಶ್ವರನಗರದಿಂದ ಗೃಹಿಣಿಯೊಬ್ಬರು ಕಾಗದ ಬರೆದಿರುವರು. ಅವರ ಹದಿನಾಲ್ಕು ವರ್ಷದ ಮಗಳಿಗೆ ವಿಜ್ಞಾನಕಥೆಗಳೆಂದರೆ ಪ್ರಾಣವಂತೆ. ಆದರೆ ಓದಿದ್ದರಲ್ಲೆಲ್ಲ ಒಬ್ಬನೇ ಶೂರನು ಆಕಾಶನೌಕೆಯನ್ನೇರಿ ಲೋಕವನ್ನು ಉದ್ಧರಿಸುವನು. ಮಿಕ್ಕವರು ಬಾಯಿಬಿಟ್ಟುಕೊಂಡು ನೋಡುವರು. ಹೆಂಗಸರಂತೂ ಕಾಪಾಡಿಸಿಕೊಳ್ಳುವುದಕ್ಕೆಂದೇ ಹುಟ್ಟಿದವರು. ಬೇರೆ ಬಗೆಯ ಪುಸ್ತಕಗಳುಂಟೆ ಎಂದು ಮಗಳ ಪರವಾಗಿ ತಾಯಿ ಕೇಳಿರುವರು.

ಉಂಟು. ಆದರೆ ಅದಕ್ಕೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ಧನಂಜಯನ ದಶರೂಪಕವನ್ನು ಕಂಠಪಾಠ ಮಾಡಿದವನು. ಧೀರೋದಾತ್ತ, ಧೀರಲಲಿತ, ಧೀರಪ್ರಶಾಂತ, ಧೀರೋದ್ಧತ ಎಂದು ನಾಯಕರಲ್ಲಿ ನಾಲ್ಕು ಬಗೆಯಿದ್ದರೂ ಕಥೆಗೆ ಒಬ್ಬನೇ ನಾಯಕನೆಂಬುದು ನನ್ನ ನಂಬಿಕೆಯಾಗಿತ್ತು. ಮೇಷ್ಟರಾಗಿದ್ದಾಗ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ತರಗತಿಯಲ್ಲಿ ಓದಿ ಹೇಳಿ, ಇದರ ನಾಯಕನು ಯಾರೆಂದು ಬರೆಯಿಸಿದೆನು. ಹಿಂದಿನ ಸಾಲಿನ ಬಾಲಿಕೆಯೊಬ್ಬಳು ‘ಎಲ್ಲರೂ’ ಎಂದು ಬರೆದಳು. ಕೆಂಪು ಮಸಿಯಿಂದ ಗೀಟೆಳೆದು ಸೊನ್ನೆ ಹಾಕಿದೆನು. ಆ ಮಗು ಆಮೇಲೆ ನನ್ನ ತರಗತಿಯಲ್ಲಿ ಕೈಯೆತ್ತಿದ್ದನ್ನು ಕಾಣೆನು.

ನಿವೃತ್ತನಾದ ಮೇಲೆ ವಿಜಯನಗರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಅದೇ ಪುಸ್ತಕವನ್ನು ಪುನಃ ಓದಿದೆನು. 1980ರಲ್ಲಿ ಪ್ರಕಟವಾದ ಆ ಕಾದಂಬರಿಯು ಹಾರುವ ಓತಿಯೊಂದನ್ನು ಅರಸುತ್ತ ಮಲೆನಾಡಿನ ಕಾಡನ್ನು ಹೊಕ್ಕವರ ಕಥೆ. ಕರ್ವಾಲೊ ಅವರು ದೊಡ್ಡ ವಿಜ್ಞಾನಿಗಳು, ನಿಜ. ಆದರೆ ಓತಿಯನ್ನು ಕಂಡವನು ಊರವರು ಲೆಕ್ಕಕ್ಕಿಡದ ಮಂದಣ್ಣ. ಅವನ ಕಣ್ಣಿನ ಬೆಲೆಯನ್ನು ಅರಿತದ್ದೇ ಆ ವಿಜ್ಞಾನಿಯ ದೊಡ್ಡತನ. ಪ್ರಭಾಕರ, ಬಿರ್ಯಾನಿ ಕರಿಯಪ್ಪ, ಎಂಗ್ಟ, ಕಿವಿ ಎಂಬ ನಾಯಿ, ಇವರಲ್ಲಿ ಯಾರನ್ನು ತೆಗೆದರೂ ಕಥೆ ಕುಂಟುವುದು. ಪಂಚತಂತ್ರದ ಪಾರಿವಾಳಗಳು ಒಟ್ಟಾಗಿ ಬಲೆಯನ್ನೇ ಹೊತ್ತು ಹಾರಿದ ಕಥೆಯನ್ನು ವರ್ಷವರ್ಷವೂ ಪಾಠ ಹೇಳಿದ ನನಗೆ ಇದು ಹೊಳೆಯದೆ ಹೋದದ್ದು ಸೋಜಿಗವೇ ಸರಿ. ಇದು ಅಪ್ಪಟ ವಿಜ್ಞಾನಕಾದಂಬರಿಯಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ನಾನು ಜಗಳವಾಡೆನು. ಓತಿ ಸಿಕ್ಕಿತೇ ಎಂಬುದನ್ನೂ ಹೇಳೆನು.

ಅಪ್ಪಟವಾದದ್ದೇ ಬೇಕೆಂದರೆ ಬಂಗಾಳದ ರೊಕೆಯಾ ಸಖಾವತ್ ಹುಸೇನರ ‘ಸುಲ್ತಾನಾಸ್ ಡ್ರೀಮ್’ ಇದೆ. 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿಯೇ ಪ್ರಕಟವಾದ ಕಿರುಗಥೆಯಿದು. ಪರದೆಯಲ್ಲಿ ಬೆಳೆದ ಆ ಮಹಿಳೆಯು 1911ರಲ್ಲಿ ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆಯನ್ನು ನಡೆಯಿಸಲಾರಂಭಿಸಿದರು. ಕಥೆಯಲ್ಲಿ ಸ್ತ್ರೀಯರ ರಾಜ್ಯವೊಂದುಂಟು. ಅಲ್ಲಿ ಸೂರ್ಯನ ಶಾಖದಿಂದ ಅಡಿಗೆಯಾಗುವುದು, ಹೊಗೆಯಿಲ್ಲ, ಇದ್ದಲಿಲ್ಲ. ವಿದ್ಯಾಪೀಠದವರು ಆಕಾಶದಿಂದಲೇ ನೀರನ್ನು ಸೆಳೆದುಕೊಳ್ಳುವರು. ಶತ್ರುಗಳು ದಂಡೆತ್ತಿ ಬಂದಾಗ ಮುಖ್ಯೋಪಾಧ್ಯಾಯಿನಿಯು ತನ್ನ ಎರಡು ಸಾವಿರ ವಿದ್ಯಾರ್ಥಿನಿಯರೊಡನೆ ರಣರಂಗಕ್ಕೆ ಹೋಗಿ, ಕೂಡಿಸಿಟ್ಟ ಬಿಸಿಲನ್ನು ಅವರ ಮೇಲೆ ಹರಿಸಿ ಓಡಿಸುವಳು. ಕತ್ತಿ ಹಿರಿದ ವೀರನೊಬ್ಬನೂ ಇಲ್ಲ. ಗೆದ್ದದ್ದು ಒಂದು ಶಾಲೆ! ಗಂಡಸರನ್ನೆಲ್ಲ ಮನೆಯೊಳಗೆ ಕೂಡಿಹಾಕಿರುವುದು ನ್ಯಾಯವೇ ಎಂದು ಮನೆಯ ಯಜಮಾನರು ಕೇಳಬಹುದು. ಅದು ಪರಿಹಾಸ; ಆದರೆ ಆ ಪ್ರಶ್ನೆಯನ್ನು ಯಜಮಾನರ ಬಾಯಿಂದ ಹೊರಡಿಸುವುದಕ್ಕಾಗಿಯೇ ಮಾಡಿದ ಪರಿಹಾಸ.

ಅಮೆರಿಕದ ಉರ್ಸುಲಾ ಲೆ ಗ್ವಿನ್ ಅವರ ‘ದಿ ಡಿಸ್‌ಪೊಸೆಸ್ಡ್’ (1974) ಮಾತ್ರ ಹುಡುಗಿಗೆ ಇನ್ನೂ ಕೆಲವು ವರ್ಷ ಕಾಯಲಿ. ತಾಯಿಯವರು ಮೊದಲು ಓದಲಿ. ‘ನನ್ನದು’ ಎಂಬ ಸ್ವತ್ತೇ ಇಲ್ಲದ ಲೋಕದಲ್ಲಿ ಬೆಳೆದ ಷೆವೆಕ್ ಎಂಬ ಭೌತವಿಜ್ಞಾನಿಯು ತಾನು ಕಂಡ ಸಿದ್ಧಾಂತವನ್ನು ಒಂದು ರಾಜ್ಯಕ್ಕೆ ಮಾರದೆ ಎಲ್ಲರಿಗೂ ಹಂಚುವನು. ಹತ್ತು ಮಂದಿಯ ಒಮ್ಮತವು ಒಬ್ಬನ ಕತ್ತು ಹಿಸುಕುವುದೂ ಉಂಟೆಂಬುದನ್ನು ಈ ಗ್ರಂಥಕರ್ತ್ರಿಯು ಮರೆಮಾಚಿಲ್ಲ. ಅದಕ್ಕಾಗಿಯೇ ನನಗೆ ಈಕೆಯಲ್ಲಿ ಗೌರವ.

ಮೊದಲು ರೊಕೆಯಾ ಅವರ ಕಥೆಯನ್ನು ಕೊಡಿರಿ. ಒಂದು ಮಧ್ಯಾಹ್ನದ ಓದು. ‘ಕರ್ವಾಲೊ’ವನ್ನು ಮನೆಮಂದಿಯೆಲ್ಲ ಕುಳಿತಾಗ ಮಗಳಿಂದಲೇ ಗಟ್ಟಿಯಾಗಿ ಓದಿಸಿರಿ. ಬಳಿಕ ಇದರ ನಾಯಕನು ಯಾರೆಂದು ಕೇಳಿ, ಅವಳು ಕೊಟ್ಟ ಉತ್ತರವನ್ನು ನನಗೆ ಬರೆದು ತಿಳಿಸುವಿರಾ?