ಇಪ್ಪತ್ತು ರೂಪಾಯಿಗೆ ಒಂದು ತೋಟ

ಎರಡು ವರ್ಷದ ಹಿಂದೆ ಅವ್ವನ ಜೊತೆ ಹುಬ್ಬಳ್ಳಿಯಿಂದ ಹೊರಟ ಪ್ಯಾಕೇಜ್ ಬಸ್ಸೊಂದರಲ್ಲಿ ಮಹಾರಾಷ್ಟ್ರ ನೋಡಿ ಬಂದೆ. ನೋಡಿ ಬಂದೆ ಅನ್ನುವುದು ದೊಡ್ಡ ಮಾತು. ಶಿರಡಿ, ಶನಿ ಶಿಂಗಣಾಪುರ, ನಾಶಿಕ್, ತ್ರ್ಯಂಬಕೇಶ್ವರ, ವೇರೂಳ, ಘೃಷ್ಣೇಶ್ವರ, ದೌಲತಾಬಾದ್, ಛತ್ರಪತಿ ಸಂಭಾಜಿನಗರ ಎಂದು ಕರಪತ್ರದಲ್ಲಿ ಅಚ್ಚಾಗಿದ್ದ ಹೆಸರುಗಳ ಮುಂದೆಲ್ಲ ಟಿಕ್ ಬಿತ್ತು, ಅಷ್ಟೇ. ಬೀಬಿ ಕಾ ಮಕ್ಬರಾದ ಮುಂದೆ ಬಸ್ಸು ನಿಂತಾಗ ಮಧ್ಯಾಹ್ನ ಮೂರು ಗಂಟೆ. ಮ್ಯಾನೇಜರ್ ಎದ್ದು ನಿಂತು ಹೇಳಿದರು: "ಒಳಗ ಭಾಳ ಏನಿಲ್ರಿ, ತಾಜ್ ಮಹಲ್‌ದ ಕಾಪಿ ಐತಿ. ಮುಂದ ನಿಂತು ಫೋಟೋ ತಗೊಂಡು ಬಂದುಬಿಡ್ರಿ. ನಲವತ್ತು ನಿಮಿಷ."

ಅವ್ವನಿಗೆ ಮಂಡಿನೋವು. ದೊಡ್ಡ ಬಾಗಿಲು ದಾಟಿ, ನೀರಿನ ಕಾಲುವೆಯ ಪಕ್ಕ ಸ್ವಲ್ಪ ದೂರ ನಡೆದು, ಒಂದು ಗಿಡದ ನೆರಳು ಹುಡುಕಿ ಕೂತಳು. "ಛಲೋ ಐತಿ ಇಲ್ಲಿ. ಒಂದೀಟು ಕುಂತು ಆಮ್ಯಾಲೆ ಮುಂದ ಹೋಗೂಣು" ಅಂದಳು. ಆ ಆಮೇಲೆ ಬರಲೇ ಇಲ್ಲ. ಸೀಟಿ ಊದಿತು. "ಅವ್ವಾರ, ಲಗೂನ ಏಳ್ರಿ, ಪನ್‌ಚಕ್ಕಿ ಬಾಕಿ ಐತಿ." ಗುಮ್ಮಟವನ್ನು ದೂರದಿಂದ ಕಂಡು, ಅದರ ಹತ್ತಿರಕ್ಕೂ ಹೋಗದೆ, ಅವ್ವ ಬಸ್ಸು ಹತ್ತಿದಳು.

ನನ್ನ ಜಗಳ ಆ ಮ್ಯಾನೇಜರ್ ಜೊತೆ ಅಲ್ಲ. ಆತ ಪಾಪ, ನಮ್ಮ ಲೆಕ್ಕಕ್ಕೆ ತಕ್ಕಂತೆ ಬಸ್ಸು ಓಡಿಸುತ್ತಿದ್ದವರು. ಐದು ದಿನಕ್ಕೆ ಹದಿನಾಲ್ಕು ಜಾಗ ಅಂತ ಬರೆದ ಕರಪತ್ರದ ಪಕ್ಕ ಐದು ದಿನಕ್ಕೆ ಆರು ಜಾಗ ಅಂತ ಬರೆದ ಕರಪತ್ರ ಇಟ್ಟರೆ ನಾವು ಎತ್ತಿಕೊಳ್ಳುವುದು ಮೊದಲನೆಯದನ್ನೇ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವ ಹಾಗೆ ಪ್ರವಾಸ ಕೊಳ್ಳುತ್ತೇವೆ, ಕಿಲೋಗೆ ಎಷ್ಟು ಬಂತು ಅಂತ. ಗುಡಿಗೆ ಈ ಲೆಕ್ಕ ಹೇಗೋ ನಡೆಯುತ್ತದೆ. ದರ್ಶನ ಒಂದು ಕ್ಷಣದ್ದಾದರೂ ದರ್ಶನವೇ. ತೋಟಕ್ಕೆ ಇದು ನಡೆಯುವುದಿಲ್ಲ. ತೋಟ ಅನ್ನುವುದು ಒಳಗೆ ಕೂತು, ಎದ್ದು, ಸುತ್ತಿ, ಮತ್ತೆ ಕೂತು ಅನುಭವಿಸಲೆಂದು ಕಟ್ಟಿದ್ದು. ನಲವತ್ತು ನಿಮಿಷದಲ್ಲಿ ತೋಟ ನೋಡಿದೆ ಅನ್ನುವುದು ಒಗ್ಗರಣೆಯ ವಾಸನೆ ಕುಡಿದು ಊಟ ಮಾಡಿದೆ ಅಂದ ಹಾಗೆ.

ಈಗ ಆ "ಕಾಪಿ" ಅನ್ನುವ ಮಾತಿಗೆ ಬರುತ್ತೇನೆ, ಯಾಕೆಂದರೆ ಅವಸರಕ್ಕೂ ಆ ಮಾತಿಗೂ ನೇರ ಸಂಬಂಧವಿದೆ. ಬಡವರ ತಾಜ್, ದಖ್ಖನಿ ತಾಜ್, ಮಿನಿ ತಾಜ್ ಎಂದು ನಮ್ಮ ಪತ್ರಿಕೆಗಳ ಪ್ರವಾಸಿ ಪುರವಣಿಗಳು ಬರೆಯುತ್ತಲೇ ಬಂದಿವೆ. ಹೋಲಿಕೆ ಸುಳ್ಳೇನಲ್ಲ. ಬಾಗಿಲ ಮೇಲಿನ ಶಾಸನ ಹೇಳುವ ಹಾಗೆ ಇದರ ವಾಸ್ತುಶಿಲ್ಪಿ ಅತಾಉಲ್ಲಾ, ಎಂಜಿನಿಯರ್ ಹಂಸ್‌ಪತ್ ರಾಯ್. ಅತಾಉಲ್ಲಾ ತಾಜ್ ಮಹಲಿನ ಶಿಲ್ಪಿ ಉಸ್ತಾದ್ ಅಹ್ಮದ್ ಲಾಹೋರಿಯ ಮಗ. ಅಪ್ಪನ ಕೈಯ ಗುರುತು ಮಗನ ಕೆಲಸದಲ್ಲಿ ಇರುವುದು ಸಹಜ. ಅಮೃತಶಿಲೆ ಕೆಳಗೆ ಗೋಡೆಯ ಪಟ್ಟಿಗೆ, ಮೇಲೆ ಗುಮ್ಮಟಕ್ಕೆ ಮಾತ್ರ. ನಡುವಿನದೆಲ್ಲ ಕರಿಕಲ್ಲಿನ ಮೇಲೆ ನಯವಾದ ಗಾರೆ. ಖರ್ಚು 6,68,203 ರೂಪಾಯಿ ಅಂತ ಒಂದು ಹಳೆಯ ಲೆಕ್ಕ ಹೇಳುತ್ತದೆ. ಇಷ್ಟನ್ನು ಹಿಡಿದು ಬಡವರ ತಾಜ್ ಅನ್ನುತ್ತಾರೆ.

ಆದರೆ ದಕ್ಷಿಣದ ಬಾಗಿಲಲ್ಲಿ ನಿಂತು ಫೋಟೋ ತೆಗೆದವರಿಗೆ ಕಾಣದ ಸಂಗತಿಯೊಂದಿದೆ. ಆಗ್ರಾದಲ್ಲಿ ಸಮಾಧಿ ತೋಟದ ತುದಿಯಲ್ಲಿದೆ, ಬೆನ್ನಿಗೆ ಯಮುನೆ. ತೋಟ ಮುಗಿದ ಮೇಲೆ ಕಟ್ಟಡ ಬರುತ್ತದೆ. ಇಲ್ಲಿ ಸಮಾಧಿ ತೋಟದ ನಟ್ಟನಡುವೆ ಇದೆ. ಉತ್ತರ ದಕ್ಷಿಣ ಸುಮಾರು 458 ಮೀಟರ್, ಪೂರ್ವ ಪಶ್ಚಿಮ 275 ಮೀಟರ್ ಆವರಣ. ಅದನ್ನು ನಾಲ್ಕು ಭಾಗ ಮಾಡಿದ ಚಾರ್‌ಬಾಗ್. ಉತ್ತರ, ಪೂರ್ವ, ಪಶ್ಚಿಮದ ಗೋಡೆಗಳ ಮಧ್ಯದಲ್ಲಿ ಒಂದೊಂದು ಕಂಬದ ಮಂಟಪ. ನಕ್ಷೆಯ ಲೆಕ್ಕದಲ್ಲಿ ಇದಕ್ಕೆ ಹತ್ತಿರದ ನೆಂಟ ದಿಲ್ಲಿಯ ಹುಮಾಯೂನ್ ಸಮಾಧಿಯೇ ಹೊರತು ತಾಜ್ ಅಲ್ಲ. ಇದು ಗೊತ್ತಾಗಬೇಕಾದರೆ ಜಗಲಿ ಹತ್ತಿ ಗುಮ್ಮಟಕ್ಕೆ ಒಂದು ಪೂರ್ತಿ ಸುತ್ತು ಹಾಕಬೇಕು. ಹಿಂದಕ್ಕೆ ಹೋದಾಗ ತೋಟ ಇನ್ನೂ ಅಷ್ಟೇ ಇದೆ, ಅದರಾಚೆ ಬೆಟ್ಟದ ಸಾಲು ಇದೆ. ನಲವತ್ತು ನಿಮಿಷದವರಿಗೆ ಸಿಗುವುದು ಮುಂಭಾಗ ಮಾತ್ರ, ಮುಂಭಾಗ ಮಾತ್ರ ತಾಜಿನಂತಿದೆ. ಹಾಗಾಗಿ ಈ ಕಟ್ಟಡವನ್ನು ನಕಲು ಮಾಡಿದ್ದು ಅತಾಉಲ್ಲಾ ಅಲ್ಲ, ನಮ್ಮ ಬಸ್ಸಿನ ವೇಳಾಪಟ್ಟಿ.

ಅವಸರ ಇತಿಹಾಸವನ್ನೂ ಹಾಳು ಮಾಡುತ್ತದೆ. "ಆಜಮ್ ಷಾ ತನ್ನ ತಾಯಿಗಾಗಿ 1651ರಿಂದ 1661ರವರೆಗೆ ಕಟ್ಟಿಸಿದ" ಎಂಬ ವಾಕ್ಯ ಎಷ್ಟೋ ಪ್ರವಾಸಿ ಪುಸ್ತಕಗಳಲ್ಲಿದೆ. ಆ ತಾಯಿ, ಔರಂಗಜೇಬನ ಪಟ್ಟದ ಹೆಂಡತಿ ದಿಲ್ರಸ್ ಬಾನು ಬೇಗಂ, ತೀರಿಕೊಂಡದ್ದು 1657ರ ಅಕ್ಟೋಬರಿನಲ್ಲಿ. ಆಜಮ್ ಹುಟ್ಟಿದ್ದು 1653ರಲ್ಲಿ. ಅಂದರೆ ಇನ್ನೂ ಹುಟ್ಟದ ಮಗ ಇನ್ನೂ ಬದುಕಿರುವ ತಾಯಿಗೆ ಗೋರಿ ಕಟ್ಟಿಸಲು ಶುರುಮಾಡಿ, ಎಂಟನೇ ವಯಸ್ಸಿಗೆ ಮುಗಿಸಿದ! ಒಂದು ವಾಕ್ಯದೊಳಗೆ ಇಷ್ಟು ದೊಡ್ಡ ಎಡವಟ್ಟು ಹೀಗೆ ಕೈಯಿಂದ ಕೈಗೆ ದಾಟಿ ಬಂದಿದ್ದರೆ, ಅದನ್ನು ಓದುವವರು, ಹೇಳುವವರು, ಕೇಳುವವರು ಯಾರೂ ಒಂದು ನಿಮಿಷ ನಿಲ್ಲಲಿಲ್ಲ ಅಂತಲೇ ಅರ್ಥ.

ದಿಲ್ರಸ್ ಬಾನು ಐದನೆಯ ಮಗು ಅಕ್ಬರ್ ಹುಟ್ಟಿ ತಿಂಗಳಾಗುವಷ್ಟರಲ್ಲಿ ಸತ್ತಳು. ಬಾಣಂತಿ ಸಾವು. ಇದನ್ನು ಬಸ್ಸಿನಲ್ಲಿ ಯಾರೂ ಹೇಳಲಿಲ್ಲ. ಊರಿಗೆ ಬಂದ ಮೇಲೆ ನಾನು ಓದಿ ಅವ್ವನಿಗೆ ಹೇಳಿದೆ. ಅವ್ವ ಸುಮ್ಮನೆ ಕೂತಳು. ಅವಳ ಅಕ್ಕ ಹಾಗೇ ಹೋದವಳು. "ಮೊದಲ ಹೇಳಿದ್ರ ಒಂದು ಕೈ ಮುಗದು ಬರ್ತಿದ್ದೆ" ಅಂದಳು.

ಔರಂಗಜೇಬನ ಹೆಸರು ಕೇಳಿದರೆ ಮುಖ ಸಿಂಡರಿಸುವವರು ಇದ್ದಾರೆ, ಗೊತ್ತು. ಈ ಊರಿನ ಹೆಸರಿನ ಜಗಳವೂ ಗೊತ್ತು. ಮಲಿಕ್ ಅಂಬರ್ 1610ರಲ್ಲಿ ನೆಲೆಗೊಳಿಸಿದಾಗ ಖಡ್ಕಿ, ಆಮೇಲೆ ಫತೇನಗರ, ಆಮೇಲೆ ಔರಂಗಾಬಾದ್, 2023ರಿಂದ ಛತ್ರಪತಿ ಸಂಭಾಜಿನಗರ. ಆ ವಾದ ಮಾಡುವವರು ಮಾಡಲಿ. ಅವ್ವ ಕೈ ಮುಗಿಯಬೇಕೆಂದದ್ದು ಬಾದಶಹನಿಗಲ್ಲ, ಒಬ್ಬ ಬಾಣಂತಿಗೆ.

ಹೀಗಾಗಿ ಕಳೆದ ಜನವರಿಯಲ್ಲಿ ನಾವಿಬ್ಬರೇ ಮತ್ತೆ ಹೋದೆವು. ನಾಶಿಕ್ ರೋಡ್ ಸ್ಟೇಷನ್ನಿನಿಂದ ಬೆಳಗಿನ ತಪೋವನ್ ಎಕ್ಸ್‌ಪ್ರೆಸ್. ಮನ್ಮಾಡ್ ಮೇಲಿಂದ ಮೂರು ಮೂರೂವರೆ ತಾಸಿನ ಹಾದಿ. ಹಿಂದಿನ ರಾತ್ರಿ ನಾಶಿಕ್‌ನ ಲಾಡ್ಜಿನಲ್ಲಿ ಕೂತು ಮೊಬೈಲಿನಲ್ಲಿ ಎರಡು ಟಿಕೆಟ್ ತೆಗೆದೆ. ತಲಾ ಇಪ್ಪತ್ತು ರೂಪಾಯಿ. ಹೆಸರು, ಗುರುತಿನ ಚೀಟಿಯ ಸಂಖ್ಯೆ, ದಿನಾಂಕ, ದುಡ್ಡು, ಒಂದು ಕ್ಯೂಆರ್ ಕೋಡ್. ಇಷ್ಟೇ. ನಾನಿದನ್ನು ಬರೆಯುತ್ತಿರುವುದು "ನಮಗೆಲ್ಲ ಆಗೋದಲ್ಲ ಅದು" ಎಂದು ಹೇಳುವ ಹತ್ತಾರು ಜನ ನನ್ನ ಸುತ್ತಲೇ ಇರುವುದರಿಂದ. ಗ್ಯಾಸ್ ಸಿಲಿಂಡರ್ ಬುಕ್ ಮಾಡುವವರಿಗೆ, ಮೊಮ್ಮಗನಿಗೆ ವಿಡಿಯೋ ಕಾಲ್ ಮಾಡುವವರಿಗೆ ಇದು ಖಂಡಿತ ಆಗುತ್ತದೆ. ತಿಳಿದಿರಬೇಕಾದ್ದು ಎರಡೇ: ವೇರೂಳದ ಗುಹೆಗಳಿಗೆ ಮಂಗಳವಾರ ರಜೆ, ಅಜಂತಾಕ್ಕೆ ಸೋಮವಾರ ರಜೆ. ಮಕ್ಬರಾಕ್ಕೆ ವಾರದ ರಜೆ ಇಲ್ಲ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ.

ನನ್ನ ಕಸುಬಿನ ಒಂದು ಮಾತು. ಬುಕ್ ಮಾಡುವುದಕ್ಕೆ ಕನ್ನಡದಲ್ಲಿ ಕಾಯ್ದಿರಿಸು ಅನ್ನುತ್ತೇವೆ. ಅನುವಾದದಲ್ಲಿ ನೂರಾರು ಸಲ ಬಳಸಿದ ಶಬ್ದ, ಒಮ್ಮೆಯೂ ಅದರ ಒಳಗೆ ಇಣುಕಿರಲಿಲ್ಲ. ಕಾಯ್ದು ಇರಿಸುವುದು, ಯಾರಿಗೋ ಅಂತ ಕಾಪಾಡಿ ಎತ್ತಿಡುವುದು. ಗುಂಪಿನ ಟಿಕೆಟ್ಟಿನಲ್ಲಿ ನಮಗಾಗಿ ಯಾರೂ ಏನನ್ನೂ ಕಾಯ್ದಿರಿಸಿರುವುದಿಲ್ಲ. ಎಣಿಕೆಯಲ್ಲಿ ನಲವತ್ತೆರಡು ತಲೆ, ಅಷ್ಟೇ. ಅವ್ವ ತನ್ನ ಹೆಸರಿದ್ದ ಟಿಕೆಟ್ಟನ್ನು ಮೊಬೈಲಿನಲ್ಲಿ ಎರಡು ಸಲ ನೋಡಿದಳು.

ಈಗ ಸರ್ಕಾರದ ಜೊತೆಗೊಂದು ಜಗಳ. ಪುರಾತತ್ವ ಸರ್ವೇಕ್ಷಣ ಇಲಾಖೆ 2018ರಲ್ಲಿ ದರ ಏರಿಸಿದಾಗ ಎರಡನೇ ದರ್ಜೆಯ ಸ್ಮಾರಕಗಳಿಗೆ ಹದಿನೈದು ಇದ್ದದ್ದು ಇಪ್ಪತ್ತೈದು ಆಯಿತು. ನಗದಿಲ್ಲದೆ ಪಾವತಿ ಮಾಡಿದರೆ ಇಪ್ಪತ್ತು. ಅಜಂತಾ, ವೇರೂಳದಂಥ ವಿಶ್ವ ಪರಂಪರೆಯ ತಾಣಗಳಿಗೆ ನಲವತ್ತು ಮತ್ತು ಮೂವತ್ತೈದು. ಈ ಐದು ರೂಪಾಯಿಗೆ ರಿಯಾಯಿತಿ ಅಂತ ಹೆಸರಿಟ್ಟಿದ್ದಾರೆ. ಯಾರಿಗೆ ರಿಯಾಯಿತಿ? ಸ್ಮಾರ್ಟ್‌ಫೋನೂ ಬ್ಯಾಂಕ್ ಖಾತೆಯೂ ಇರುವ ನನಗೆ. ಮರಾಠವಾಡದ ಯಾವುದೋ ಹಳ್ಳಿಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದು, ಸೆರಗಿನ ಗಂಟು ಬಿಚ್ಚಿ ನೋಟು ಕೊಡುವ ಹೆಂಗಸು ನನಗಿಂತ ಕಾಲು ಪಾಲು ಹೆಚ್ಚು ಕೊಡಬೇಕು. ಇದನ್ನು ದಂಡ ಅನ್ನಬೇಕು. 2020ರ ಜುಲೈನಲ್ಲಿ ಕೊರೊನಾ ಬೀಗ ತೆಗೆದಾಗ ಕೆಲಕಾಲ ಇ-ಟಿಕೆಟ್ ಮಾತ್ರ ಎಂಬ ನಿಯಮವಿತ್ತು. ಸೋಂಕಿನ ಕಾಲಕ್ಕೆ ಅದಕ್ಕೊಂದು ಕಾರಣವಿತ್ತು. ಈಗ ಮುಂಗಡ ಟಿಕೆಟ್ ಅನುಕೂಲವಾಗಿ ಇರಲಿ, ಅದನ್ನು ಹೊಗಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಆದರೆ ಅದಿಲ್ಲದವರ ಜೇಬಿಗೆ ಕೈ ಹಾಕುವುದು ಬೇಡ. ಕಿಟಕಿಯಲ್ಲೂ ಇಪ್ಪತ್ತೇ ಇರಲಿ.

ಬಸ್ಸಿನ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಮೋಸ. ಆ ಬಸ್ಸು ಇಲ್ಲದಿದ್ದರೆ ಅವ್ವ ಅರವತ್ತೆರಡನೇ ವಯಸ್ಸಿನಲ್ಲಿ ಕೃಷ್ಣೆ ದಾಟುತ್ತಿರಲಿಲ್ಲ. ನಮ್ಮ ಕಡೆಯ ಊಟ, ನಮ್ಮ ಮಾತು, ಕತ್ತಲಾದರೂ ಭಯವಿಲ್ಲ, ಶೌಚಾಲಯ ಎಲ್ಲಿದೆ ಅಂತ ಕೇಳಲು ಹಿಂದಿ ಬೇಕಿಲ್ಲ. ಗಂಡ ಸತ್ತ ಮೇಲೆ ಮೊದಲ ಸಲ ಮನೆ ಬಿಟ್ಟು ಹೊರಟ ನಾಲ್ವರು ಹೆಂಗಸರು ಆ ಬಸ್ಸಿನಲ್ಲಿದ್ದರು. ಅವರಿಗೆ "ಸ್ವತಂತ್ರವಾಗಿ ಹೋಗಿ" ಎಂದು ಉಪದೇಶ ಮಾಡಲು ನಾನ್ಯಾರು? ನನ್ನ ಬೇಡಿಕೆ ಚಿಕ್ಕದು. ಹದಿನಾಲ್ಕರಲ್ಲಿ ನಾಲ್ಕು ಜಾಗ ತೆಗೆಯಿರಿ, ತೋಟಕ್ಕೆ ಎರಡು ತಾಸು ಕೊಡಿ. ಇಲ್ಲ, ಬಸ್ಸು ಮುಂದೆ ಹೋಗಲಿ, ಬೇಕಾದವರು ಅರ್ಧ ದಿನ ಇಲ್ಲೇ ಇದ್ದು ಸಂಜೆ ರಿಕ್ಷಾ ಹಿಡಿದು ಲಾಡ್ಜಿಗೆ ಬರುತ್ತಾರೆ ಅನ್ನುವ ಅವಕಾಶ ಕೊಡಿ. ಟಿಕೆಟ್ ಅವರವರೇ ತೆಗೆದುಕೊಳ್ಳುತ್ತಾರೆ.

ಆ ಅರ್ಧ ದಿನ ಸಿಕ್ಕರೆ ಮಾಡಲು ಬೇಕಾದಷ್ಟಿದೆ. ಬೆಟ್ಟದ ಬುಡದಲ್ಲಿ ಸೋನೇರಿ ಮಹಲ್ ಇದೆ. ಔರಂಗಜೇಬನ ಜೊತೆ ದಖ್ಖನಿಗೆ ಬಂದ ಬುಂದೇಲ ಸರದಾರನೊಬ್ಬನ ಅರಮನೆ, ಒಳಗಿನ ಚಿನ್ನದ ಬಣ್ಣದ ಚಿತ್ರಗಳಿಂದ ಆ ಹೆಸರು, ಈಗ ವಸ್ತುಸಂಗ್ರಹಾಲಯ. ಹಿಮಾಯತ್ ಬಾಗ್ ಎಂಬ ಮೊಘಲರ ಕಾಲದ ತೋಟದಲ್ಲಿ ಈಗ ಹಣ್ಣಿನ ಸಂಶೋಧನಾ ಕೇಂದ್ರವಿದೆ. ಇವೆರಡೂ ನಮ್ಮ ಕರಪತ್ರದಲ್ಲಿ ಇರಲೇ ಇಲ್ಲ. ಬಾಗ್ ಅನ್ನುವ ಶಬ್ದ ನಮಗೆ ಪರಕೀಯವೂ ಅಲ್ಲ. ಖುಷ್ಕಿ, ತರಿ, ಬಾಗಾಯ್ತು ಎಂದು ನಮ್ಮ ಪಹಣಿಗಳಲ್ಲೇ ಕೂತಿದೆ.

ಇನ್ನು ನಾಶಿಕ್. ಕವಿರಾಜಮಾರ್ಗ ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸಿದ್ದನ್ನು ಪ್ರತಿ ನವೆಂಬರಿನಲ್ಲಿ ಮೈಕಿನ ಮುಂದೆ ಹೇಳುತ್ತೇವೆ. ಅದೇ ಗೋದಾವರಿಯ ದಡದಲ್ಲಿ ನಮ್ಮ ಬಸ್ಸು ನಿಂತದ್ದು ಒಂದು ಮುಳುಗು ಹಾಕುವಷ್ಟು ಹೊತ್ತು. ವೇರೂಳದ ಕೈಲಾಸನಾಥ ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದ್ದು ಎಂದು ಅಭಿಮಾನ ಪಡುವವರಿಗೆ ಅಲ್ಲಿ ಸಿಕ್ಕದ್ದು ಒಂದು ತಾಸು. ಅಭಿಮಾನಕ್ಕೆ ಭಾಷಣ ಸಾಕು, ನೋಡುವುದಕ್ಕೆ ಹೊತ್ತು ಬೇಕು.

ಜನವರಿಯ ಆ ದಿನ ಮಧ್ಯಾಹ್ನ ಎರಡಕ್ಕೆ ಒಳಗೆ ಹೋದೆವು, ಹೊರಗೆ ಬಂದಾಗ ದೀಪ ಹತ್ತಿತ್ತು. ಅವ್ವ ಮೂರು ಕಡೆ ಕೂತು ಸುಧಾರಿಸಿಕೊಂಡು ಜಗಲಿ ಹತ್ತಿದಳು. ಎಂಟು ಮೂಲೆಯ ಅಮೃತಶಿಲೆಯ ಜಾಲಂಧ್ರದ ಮೇಲಿಂದ ಕೆಳಗಿನ ಗೋರಿ ನೋಡಿ ಕೈ ಮುಗಿದಳು. ಆಮೇಲೆ ಉತ್ತರದ ಬದಿಗೆ ಹೋದೆವು. ಚಳಿಗಾಲದಲ್ಲಿ ಬಿಸಿಲು ದಕ್ಷಿಣಕ್ಕೆ ವಾಲಿರುವುದರಿಂದ ಅಲ್ಲಿ ಗುಮ್ಮಟದ ನೆರಳು ಉದ್ದಕ್ಕೆ ಚಾಚಿತ್ತು. ಅವ್ವ ಕಾಲು ನೀಡಿ ಕೂತು, ತಂದಿದ್ದ ಚಕ್ಕುಲಿಯ ಡಬ್ಬಿ ತೆಗೆಯಲು ಹೋಗಿ, ಬೇಡ ಅಂತ ಮತ್ತೆ ಮುಚ್ಚಿದಳು. ಮುಂಭಾಗದಿಂದ ಮೂರು ಸಲ ಸೀಟಿ ಕೇಳಿಸಿತು, ಬೇರೆ ಬೇರೆ ಬಸ್ಸಿನವು. ನಾವು ಏಳಲಿಲ್ಲ.

ಈ ದೀಪಾವಳಿ ಮುಗಿದ ಮೇಲೆ ಅವ್ವನ ಭಜನಾ ಮಂಡಳಿ ಮೈಸೂರು ಕಡೆ ಹೊರಟಿದೆ. ಶ್ರೀರಂಗಪಟ್ಟಣದಲ್ಲಿ ದರಿಯಾ ದೌಲತ್ ಬಾಗ್ ಕೂಡ ಪಟ್ಟಿಯಲ್ಲಿದೆ. ಟಿಪ್ಪು 1784ರಲ್ಲಿ ಮುಗಿಸಿದ ತೇಗದ ಬೇಸಿಗೆ ಅರಮನೆ, ಸುತ್ತ ತೋಟ. ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಆನೆ, ಕುದುರೆ, ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಸೇನಾಪತಿ, ಎಲ್ಲ ಬಿಡಿಬಿಡಿಯಾಗಿ ನೋಡಲು ಅದೊಂದಕ್ಕೇ ಅರ್ಧ ತಾಸು ಬೇಕು. ಟಿಕೆಟ್ ಇಲ್ಲೂ ಅದೇ ಇಪ್ಪತ್ತು, ಇಪ್ಪತ್ತೈದು. ಮುಂಗಡ ಕೊಡುವ ಮೊದಲು ಅವ್ವ ಬಸ್ಸಿನವರಿಗೆ ಫೋನ್ ಮಾಡಿ ಅಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ ಅಂತ ಕೇಳಿದಳಂತೆ. ಇಪ್ಪತ್ತು ನಿಮಿಷ ಅಂದರಂತೆ. "ಎರಡು ತಾಸು ನಿಂದರ್ಸೋದಾದ್ರ ಹದಿನೆಂಟು ಮಂದಿ ಬರ್ತೀವಿ, ಇಲ್ಲಂದ್ರ ರೈಲಿಗೆ ಹೊಕ್ಕೀವಿ" ಎಂದು ಹೇಳಿ ಫೋನ್ ಇಟ್ಟಿದ್ದಾಳೆ. ಅವರಿನ್ನೂ ತಿರುಗಿ ಫೋನ್ ಮಾಡಿಲ್ಲ.